ನಳಿಕೆ ಗಿಡ್ಡ, ಲೆಕ್ಕ ಉದ್ದ

ಎಕೆ47ರ ಅಚ್ಚಿನಲ್ಲೇ ಮಾಡಿದ ಆಟದ ಗನ್ ಒಂದಿದೆ ಎನ್ನಿ. ಅದರ ಒಳನಳಿಕೆ 455 ಮಿಲಿಮೀಟರ್ ಉದ್ದ. ಅದನ್ನು ಕಳಚಿ 229 ಮಿಲಿಮೀಟರಿನ ನಳಿಕೆ ಕೂರಿಸಿದರೆ ಗುಂಡಿನ ವೇಗ ಎಷ್ಟು ಇಳಿದೀತು? ಅರ್ಧಕ್ಕರ್ಧ ಎಂದು ಅನ್ನಿಸುವುದು ಸಹಜ. ಆದರೆ ಒಳಗಿನ ಗಾಳಿಯ ಲೆಕ್ಕ ಕೂಡಿಬಂದರೆ ವೇಗದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇ ಇರುವುದಿಲ್ಲ. ಲೆಕ್ಕ ತಪ್ಪಿದರೆ ಮಾತ್ರ ಸದ್ದು ಹೆಚ್ಚುತ್ತದೆ, ಗುರಿ ಕೆಡುತ್ತದೆ, ಕೆಲವೊಮ್ಮೆ ಕಾನೂನಿನ ಮಿತಿಯೂ ದಾಟಿಹೋಗುತ್ತದೆ. ಹಳೆಯ ಗನ್‌ಗಳ ಬಿಡಿಭಾಗ ಸೇರಿಸಿ ಗಿಡ್ಡ ಏರ್‌ಸಾಫ್ಟ್ ಗನ್ ಕಟ್ಟುವ ಹವ್ಯಾಸದ ಸ್ವಾರಸ್ಯವೆಲ್ಲ ಇಲ್ಲಿದೆ. ಮೇಲ್ನೋಟಕ್ಕೆ ಅದು ಕತ್ತರಿಸುವ ಕೆಲಸ; ಮಾಡುತ್ತ ಹೋದರೆ ಹೊಂದಿಸುವ ಕೆಲಸ.

ಏರ್‌ಸಾಫ್ಟ್ ಹುಟ್ಟಿದ್ದು ಜಪಾನಿನಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಸಾಮಾನ್ಯ ಜನ ಬಂದೂಕು ಇಟ್ಟುಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯವಾಯಿತು. ಬಂದೂಕಿನ ಮೇಲಿನ ಕುತೂಹಲ ಮಾತ್ರ ಉಳಿಯಿತು. ಅದನ್ನು ತಣಿಸಲು ಲೋಹದ ‘ಮಾಡೆಲ್ ಗನ್’ಗಳು ಬಂದವು. 1971ರಲ್ಲಿ ಸರ್ಕಾರ ಲೋಹದ ಪಿಸ್ತೂಲ್ ಮಾದರಿಗಳಿಗೆ ಬಿಳಿ ಇಲ್ಲವೇ ಹಳದಿ ಬಣ್ಣ ಬಳಿಯಬೇಕು, ನಳಿಕೆ ಮುಚ್ಚಿರಬೇಕು ಎಂದಿತು. 1977ರಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಲೋಹಕ್ಕೆ ಕಡಿವಾಣ ಬಿದ್ದ ಮೇಲೆ ತಯಾರಕರು ಪ್ಲಾಸ್ಟಿಕ್ಕಿನತ್ತ ಹೊರಳಿದರು. ಗಾಳಿಯ ಒತ್ತಡದಿಂದ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸುವ ಗನ್‌ಗಳು ಬಂದವು, ಅವುಗಳ ಬೆನ್ನಿಗೇ ಎರಡು ತಂಡಗಳಾಗಿ ಕಾಡಿನಲ್ಲೋ ಪಾಳು ಕಟ್ಟಡದಲ್ಲೋ ಆಡುವ ಆಟವೂ ಬಂತು. ಮೊದಮೊದಲು ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು, ಕೊಳವೆ ಎಳೆದುಕೊಂಡು ಓಡಾಡಬೇಕಿತ್ತು. 1991ರಲ್ಲಿ ಟೋಕಿಯೋ ಮಾರುಯಿ ಕಂಪನಿ ಫ್ರಾನ್ಸಿನ ಫಾಮಾಸ್ ರೈಫಲ್ಲಿನ ರೂಪದಲ್ಲಿ ಬ್ಯಾಟರಿ ಗನ್ ತಂದಾಗ ಆ ಕೊಳವೆಯ ಕಾಟ ತಪ್ಪಿತು.

ಆ ಗನ್ನಿನ ಹೊಟ್ಟೆಯಲ್ಲಿದ್ದ ಗೇರ್‌ಬಾಕ್ಸ್ ಈ ಹವ್ಯಾಸದ ಅಡಿಪಾಯ. ಮಾರುಯಿ ಮುಂದೆ ಬೇರೆ ಬೇರೆ ಗನ್‌ಗಳಿಗಾಗಿ ಅದರ ಹಲವು ‘ವರ್ಷನ್’ಗಳನ್ನು ಮಾಡಿತು. ತೈವಾನ್, ಹಾಂಗ್‌ಕಾಂಗ್, ಚೀನಾದ ತಯಾರಕರು ಬಹುಪಾಲು ಅದೇ ಅಳತೆಗಳನ್ನು ಹಿಡಿದರು. ಹಾಗಾಗಿ ಒಂದು ಕಂಪನಿಯ ಪಿಸ್ಟನ್ ಇನ್ನೊಂದರ ಸಿಲಿಂಡರಿನಲ್ಲಿ ಓಡುತ್ತದೆ, ಒಂದರ ಮೋಟಾರ್ ಇನ್ನೊಂದರ ಹಿಡಿಯಲ್ಲಿ ಕೂರುತ್ತದೆ. ಮೈ ಒಡೆದ, ಮ್ಯಾಗಜಿನ್ ಕಳೆದುಹೋದ, ಯಾರೂ ಕೊಳ್ಳದ ಹಳೆಯ ಗನ್ನೂ ಬಿಡಿಭಾಗಕ್ಕೆ ಬೆಲೆಬಾಳುತ್ತದೆ. ಅದನ್ನು ಹವ್ಯಾಸಿಗಳು ‘ಡೋನರ್’ ಎನ್ನುತ್ತಾರೆ. ಎರಡು ಮೂರು ಡೋನರ್‌ಗಳಿಂದ ಒಂದು ಹೊಸ ಗನ್ ಎದ್ದು ಬರುತ್ತದೆ.

ಗಿಡ್ಡ ಗನ್ನೇ ಯಾಕೆ ಬೇಕು? ಬಾಗಿಲು, ಮೆಟ್ಟಿಲು, ಮೂಲೆಗಳ ನಡುವೆ ಆಡುವಾಗ ಉದ್ದನೆಯ ಗನ್ ಚೌಕಟ್ಟಿಗೆ ತಗಲುತ್ತದೆ, ಎದುರಾಳಿಗೆ ಮೊದಲೇ ಕಾಣುತ್ತದೆ. ಇದು ಉಪಯೋಗದ ಮಾತು. ಕಟ್ಟುವವರ ಕಾರಣ ಬೇರೆ. ಅಂಗಡಿಯಲ್ಲಿ ಸಿಗದ ಆಕಾರವನ್ನು ತಾನೇ ಮಾಡಬೇಕು ಎಂಬ ಹಟ ಅದು. ಕೈಯಲ್ಲಿ ಅರ, ಸ್ಕ್ರೂಡ್ರೈವರ್ ಹಿಡಿದು ಬೆಳೆದವರಿಗೆ ಈ ಹಟವನ್ನು ವಿವರಿಸಬೇಕಿಲ್ಲ.

ಕುದುರೆ ಎಳೆದಾಗ ಒಳಗೆ ಆಗುವುದು ಇಷ್ಟು. ಮೋಟಾರ್ ತಿರುಗುತ್ತದೆ. ಅದರ ಪುಟ್ಟ ಪಿನಿಯನ್ನಿಗೆ ಮೂರು ಗೇರುಗಳು ಸಾಲಾಗಿ ಕಚ್ಚಿಕೊಂಡಿವೆ. ಸಾಮಾನ್ಯ ಜೋಡಣೆಯಲ್ಲಿ ಮೋಟಾರ್ ಹದಿನೆಂಟಕ್ಕೂ ಹೆಚ್ಚು ಸುತ್ತು ತಿರುಗಿದಾಗ ಕೊನೆಯ ಗೇರ್ ಒಂದು ಸುತ್ತು ಬರುತ್ತದೆ. ಆ ಕೊನೆಯ ಗೇರಿಗೆ ಅರ್ಧ ಸುತ್ತಿಗೆ ಮಾತ್ರ ಹಲ್ಲು. ಹಲ್ಲು ಇರುವಷ್ಟು ಹೊತ್ತು ಅದು ಪಿಸ್ಟನ್ನನ್ನು ಹಿಂದಕ್ಕೆಳೆದು ಸ್ಪ್ರಿಂಗನ್ನು ಅದುಮುತ್ತದೆ. ಹಲ್ಲು ಮುಗಿದೊಡನೆ ಪಿಸ್ಟನ್ ಕಳಚಿಕೊಂಡು ಮುನ್ನುಗ್ಗಿ ಸಿಲಿಂಡರಿನ ಗಾಳಿಯನ್ನು ನಳಿಕೆಗೆ ತಳ್ಳುತ್ತದೆ. ಇಷ್ಟರಲ್ಲಿ ಸಿಲಿಂಡರಿನ ಮೂತಿಯಾದ ನಾಜಲ್ ಹಿಂದೆ ಸರಿದು ಒಂದು ಗುಂಡನ್ನು ಒಳಬಿಟ್ಟು, ಮತ್ತೆ ಮುಂದೆ ಬಂದು ಬಾಯಿ ಮುಚ್ಚಿರುತ್ತದೆ. ಇದೆಲ್ಲ ಒಂದು ಸೆಕೆಂಡಿನಲ್ಲಿ ಹತ್ತಾರು ಬಾರಿ ನಡೆಯುತ್ತದೆ. ಈ ಗೇರ್‌ಬಾಕ್ಸನ್ನು ಗಿಡ್ಡ ಮಾಡಲಾಗದು. ಗನ್ ಎಷ್ಟು ಚಿಕ್ಕದಾಗಬಹುದು ಎಂಬುದು ಅಲ್ಲಿಗೇ ತೀರ್ಮಾನವಾಗಿಬಿಡುತ್ತದೆ. ಉಳಿದೆಲ್ಲವೂ ಅದರ ಸುತ್ತ ಕುಗ್ಗಬೇಕು.

ಹಾಗಾಗಿ ಡೋನರ್ ಆರಿಸುವಾಗ ಹೊರರೂಪಕ್ಕೆ ಮರುಳಾಗಬಾರದು. ಎಂಪಿ5 ಇದಕ್ಕೆ ಒಳ್ಳೆಯ ಉದಾಹರಣೆ. ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿ 1976ರಲ್ಲಿ ಎಂಪಿ5ರ ಗಿಡ್ಡ ರೂಪವಾಗಿ ಎಂಪಿ5ಕೆಯನ್ನು ತಂದಿತು. ಅದರ ನಳಿಕೆ 115 ಮಿಲಿಮೀಟರ್, ಒಟ್ಟು ಉದ್ದ 325 ಮಿಲಿಮೀಟರ್. ನಿಜವಾದ ಬಂದೂಕಿನಲ್ಲಿ ಅಣ್ಣ ತಮ್ಮನಂತಿರುವ ಇವೆರಡೂ ಏರ್‌ಸಾಫ್ಟಿಗೆ ಬಂದಾಗ ಬೇರೆಯಾದವು. ಮಾರುಯಿಯ ಎಂಪಿ5ರಲ್ಲಿ ಇರುವುದು ವರ್ಷನ್ 2 ಗೇರ್‌ಬಾಕ್ಸ್, ಎಂಪಿ5ಕೆಯಲ್ಲಿ ವರ್ಷನ್ 3. ಎಂಪಿ5ರ ಗೇರ್‌ಬಾಕ್ಸನ್ನು ಎಂಪಿ5ಕೆಯ ಮೈಯೊಳಗೆ ಇಳಿಸುತ್ತೇನೆಂದು ಹೊರಟರೆ ಅದು ಕೂರುವುದಿಲ್ಲ. ಬೇರೆಯೇ ಕುಲದ ಎಕೆಯ ಒಳಗೂ ಇರುವುದು ವರ್ಷನ್ 3.

ವರ್ಷನ್ ಒಂದೇ ಆದರೂ ಎಲ್ಲ ಒಂದೇ ಅಲ್ಲ. ಜಿ36 ರೈಫಲ್ಲಿನ ನಕಲಿನಲ್ಲೂ ವರ್ಷನ್ 3 ಇದೆ. ಆದರೆ ಅದರ ನಾಜಲ್ ಎಕೆಯದಕ್ಕಿಂತ ಉದ್ದ. ಅದನ್ನು ಹಾಗೇ ತಂದು ಎಕೆಗೆ ಹಾಕಿದರೆ ಗುಂಡು ಒಳಬರಲು ಜಾಗವಿರುವುದಿಲ್ಲ. ಗಿಡ್ಡ ನಾಜಲ್ ಹಾಕಿದರೆ ಬಾಯಿ ಸರಿಯಾಗಿ ಮುಚ್ಚದೆ ಗಾಳಿ ಸೋರುತ್ತದೆ. ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಇಲ್ಲಿ ದೊಡ್ಡದು. ಮೋಟಾರಿನಲ್ಲೂ ಉದ್ದ, ಗಿಡ್ಡ ಎಂಬ ಭೇದವಿದೆ: ಎಂ4 ರೈಫಲ್ಲಿನ ನಕಲಿಗೆ ಉದ್ದ ದಂಡದ್ದು, ಎಕೆಗೆ ಗಿಡ್ಡದ್ದು. ಗೇರಿನ ಅಚ್ಚು ತಿರುಗುವ ಬುಷ್‌ಗಳು ಹೆಚ್ಚಾಗಿ 6, 7, 8 ಮಿಲಿಮೀಟರ್ ಎಂದು ಮೂರು ಅಳತೆಯಲ್ಲಿ ಬರುತ್ತವೆ. ಡೋನರ್ ಬಿಚ್ಚುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದವನಿಗೆ ಖರ್ಚು ಕಡಿಮೆ.

ಇನ್ನು ನಳಿಕೆಯ ಲೆಕ್ಕ. ಒಳನಳಿಕೆಯ ವ್ಯಾಸ 6.08 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಆಗ 455 ಮಿಲಿಮೀಟರಿನ ನಳಿಕೆಯಲ್ಲಿ ಸುಮಾರು 13 ಘನ ಸೆಂಟಿಮೀಟರ್ ಗಾಳಿ ಹಿಡಿಯುತ್ತದೆ. 229ರದಕ್ಕೆ ಆರೂವರೆ. ಏರ್‌ಸಾಫ್ಟ್ ಎಂಪಿ5ಕೆಯ 110 ಮಿಲಿಮೀಟರಿನ ಒಳನಳಿಕೆಗೆ ಮೂರಕ್ಕೆ ಸ್ವಲ್ಪ ಹೆಚ್ಚು. ಸಿಲಿಂಡರ್ ಕೊಡುವ ಗಾಳಿ ನಳಿಕೆಯ ಗಾತ್ರದ ಒಂದೂವರೆಯಿಂದ ಎರಡು ಪಟ್ಟು ಇರಬೇಕು ಎಂಬುದು ಕಟ್ಟುವವರಲ್ಲಿ ರೂಢಿಯಾದ ಸೂತ್ರ. ಆ ಪ್ರಕಾರ 229ರ ನಳಿಕೆಗೆ 10ರಿಂದ 13 ಘನ ಸೆಂಟಿಮೀಟರ್ ಗಾಳಿ ಸಾಕು.

ಗಾಳಿ ಕಡಿಮೆಯಾದರೆ ಗುಂಡು ನಳಿಕೆಯ ತುದಿ ಮುಟ್ಟುವ ಮೊದಲೇ ಹಿಂದಿನ ಒತ್ತಡ ಬತ್ತಿಹೋಗುತ್ತದೆ. ಗುಂಡಿನ ಹಿಂದೆ ನಿರ್ವಾತ ಹುಟ್ಟಿ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಉದ್ದ ನಳಿಕೆ ಹಾಕಿ ವೇಗ ಕಳೆದುಕೊಳ್ಳುವವರ ಕಥೆ ಇದು. ಗಾಳಿ ಜಾಸ್ತಿಯಾದರೆ ಗುಂಡು ಹೊರಬಿದ್ದ ಮೇಲೂ ಉಳಿದ ಗಾಳಿ ಅದರ ಬೆನ್ನಿಗೆ ನುಗ್ಗುತ್ತದೆ. ಸದ್ದು ಜೋರಾಗುತ್ತದೆ, ಹೊರಟ ಗಳಿಗೆಯಲ್ಲೇ ಗುಂಡು ಅಲುಗಾಡುತ್ತದೆ. ಉದ್ದ ಗನ್ನಿನ ಪೂರ್ತಿ ಸಿಲಿಂಡರನ್ನು ಹಾಗೇ ಇಟ್ಟು ನಳಿಕೆ ಮಾತ್ರ ಗಿಡ್ಡ ಮಾಡಿದವರಿಗೆ ಬರುವ ತೊಂದರೆ ಇದೇ.

ಪರಿಹಾರ ಸರಳ, ಜಾಣತನದ್ದು. ಗಿಡ್ಡ ನಳಿಕೆಗೆಂದೇ ಮಾಡಿದ ಸಿಲಿಂಡರಿನ ಪಕ್ಕದಲ್ಲಿ ಒಂದು ಕಂಡಿ ಇರುತ್ತದೆ. ಪಿಸ್ಟನ್ ಆ ಕಂಡಿ ದಾಟುವವರೆಗೂ ಗಾಳಿ ಪಕ್ಕದಿಂದ ಹೊರಹೋಗುತ್ತದೆ, ಒತ್ತಡ ಏರುವುದಿಲ್ಲ. ದಾಟಿದ ಮೇಲೆ ಮುಂದೆ ಉಳಿದ ಗಾಳಿ ಮಾತ್ರ ಅದುಮಿಕೊಳ್ಳುತ್ತದೆ. ಅಷ್ಟರಲ್ಲಿ ಪಿಸ್ಟನ್ನೂ ಓಟ ಹಿಡಿದಿರುತ್ತದೆ. ಕಂಡಿ ಮುಂದೆ ಸರಿದಷ್ಟೂ ಕೆಲಸಕ್ಕೆ ಬರುವ ಗಾಳಿ ಕಡಿಮೆ. ಸ್ಪ್ರಿಂಗ್ ಬದಲಿಸದೆ, ಸಿಲಿಂಡರಿನ ಹೊರ ಅಳತೆ ಬದಲಿಸದೆ, ಒಂದು ಕಂಡಿಯ ಜಾಗದಿಂದ ನಳಿಕೆಗೂ ಗಾಳಿಗೂ ಹೊಂದಾಣಿಕೆ ಆಗುತ್ತದೆ. ಅಂಗಡಿಯ ಗಿಡ್ಡ ಗನ್ನೂ ಉದ್ದ ಗನ್ನೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಗುಂಡು ಹಾರಿಸುವುದರ ಗುಟ್ಟು ಇಷ್ಟೇ.

ಹಾಗಾದರೆ ದೂರಕ್ಕೆ, ನೇರಕ್ಕೆ ಗುಂಡು ಹೋಗುವುದು ಯಾವುದರಿಂದ? ನಳಿಕೆಯ ಉದ್ದಕ್ಕಿಂತ ಹೆಚ್ಚಾಗಿ ಅದರ ಬುಡದಲ್ಲಿರುವ ‘ಹಾಪ್ ಅಪ್’ ಎಂಬ ರಬ್ಬರಿನ ಉಬ್ಬಿನಿಂದ. ನಳಿಕೆಯ ಮೇಲ್ಭಾಗದ ಪುಟ್ಟ ಕಿಂಡಿಯಿಂದ ಈ ರಬ್ಬರ್ ಕೊಂಚ ಒಳಗೆ ಚಾಚಿರುತ್ತದೆ. ಹೊರಡುವ ಗುಂಡಿನ ನೆತ್ತಿಗೆ ಅದು ತಗಲಿ, ಗುಂಡು ಹಿಮ್ಮುಖವಾಗಿ ತಿರುಗುತ್ತ ಹೋಗುತ್ತದೆ. ಹಾಗೆ ತಿರುಗುವ ಗುಂಡನ್ನು ಗಾಳಿ ಮೇಲಕ್ಕೆತ್ತುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹೈನ್ರಿಶ್ ಮ್ಯಾಗ್ನಸ್ ಹೆಸರಿನಲ್ಲಿ ಇದನ್ನು ಮ್ಯಾಗ್ನಸ್ ಪರಿಣಾಮ ಎನ್ನುತ್ತಾರೆ. ಅನಿಲ್ ಕುಂಬ್ಳೆಯ ಫ್ಲಿಪ್ಪರ್ ನೆನಪಿದ್ದವರಿಗೆ ಇದು ಹೊಸದೇನಲ್ಲ: ಹಿಮ್ಮುಖ ತಿರುಗುವಿಕೆಯಿಂದ ಚೆಂಡು ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಮುಂದೆ ಬಿದ್ದು ತಗ್ಗಾಗಿ ನುಗ್ಗುತ್ತಿತ್ತು. ರಬ್ಬರ್ ಹೆಚ್ಚು ಒತ್ತಿದರೆ ಗುಂಡು ಆಕಾಶಕ್ಕೇರುತ್ತದೆ, ಕಡಿಮೆ ಒತ್ತಿದರೆ ಬೇಗ ನೆಲ ಕಚ್ಚುತ್ತದೆ.

ಡೋನರ್ ನಳಿಕೆ ಕತ್ತರಿಸುವವರು ಇದನ್ನು ಮರೆಯಬಾರದು. ಕಿಂಡಿ ಇರುವ ಬುಡದ ಕಡೆ ಬ್ಲೇಡ್ ಮುಟ್ಟಿಸುವಂತಿಲ್ಲ. ಕತ್ತರಿಸುವುದೇನಿದ್ದರೂ ಬಾಯಿಯ ಕಡೆ. ಕತ್ತರಿಸಿದ ತುದಿ ಮಟ್ಟಸವಾಗಿರಬೇಕು, ಒಳಅಂಚಿನಲ್ಲಿ ಲೋಹದ ಸಿಬಿರು ಉಳಿಯಬಾರದು. ಗುಂಡು ಕೊನೆಯದಾಗಿ ಮುಟ್ಟುವುದು ಆ ಅಂಚನ್ನೇ. ಸಿದ್ಧ ಗಿಡ್ಡ ನಳಿಕೆಗಳು ಅಗ್ಗಕ್ಕೆ ಸಿಗುವುದರಿಂದ ಅನುಭವಿಗಳು ಒಳನಳಿಕೆಯನ್ನು ಕೊಂಡು, ಹೊರನಳಿಕೆಯನ್ನಷ್ಟೇ ಕತ್ತರಿಸುತ್ತಾರೆ. ಹೊರನಳಿಕೆಯ ತುದಿಗೆ 14 ಮಿಲಿಮೀಟರಿನ ಎಡತಿರುಪಿನ ಥ್ರೆಡ್ ಹಾಕಿದರೆ ಏರ್‌ಸಾಫ್ಟಿನ ಬಹುಪಾಲು ತುದಿ ಅಲಂಕಾರಗಳು ಅದಕ್ಕೆ ಕೂರುತ್ತವೆ.

ಎಲ್ಲ ಹೊಂದಿತು ಎನ್ನುವಾಗ ಎದುರಾಗುವ ಪ್ರಶ್ನೆ: ಬ್ಯಾಟರಿ ಎಲ್ಲಿ? ಉದ್ದ ಗನ್ನಿನಲ್ಲಿ ಅದು ಹಿಂಬದಿಯ ದಪ್ಪ ಕಟ್ಟಿಗೆಯೊಳಗೋ ಮುಂಗೈ ಹಿಡಿಯೊಳಗೋ ಅಡಗಿರುತ್ತದೆ. ಗಿಡ್ಡ ಮಾಡುವಾಗ ಮೊದಲು ಹೋಗುವುದೇ ಇವೆರಡು. ಎಕೆಯಲ್ಲಿ ಒಂದು ಅನುಕೂಲವಿದೆ. ಮೇಲ್ಮುಚ್ಚಳದ ಅಡಿಯಲ್ಲಿ ಗೇರ್‌ಬಾಕ್ಸಿನ ಬೆನ್ನಿನ ಮೇಲೆ ಸಪೂರ ಕಡ್ಡಿ ಬ್ಯಾಟರಿ ಮಲಗಿಸಬಹುದು. ಹಿಂಭಾಗವನ್ನು ಮಡಚುವಂತೆ ಮಾಡಿದರೂ ವಿದ್ಯುತ್ತಿಗೆ ತೊಂದರೆಯಿಲ್ಲ. ಗಿಡ್ಡ ಗನ್ನಿಗೆ ಎಕೆ ಒಳ್ಳೆಯ ಡೋನರ್ ಆಗಲು ಇದೇ ದೊಡ್ಡ ಕಾರಣ. ಬೇರೆ ಗನ್‌ಗಳಲ್ಲಿ ಸೈನ್ಯದ ಲೇಸರ್ ಪೆಟ್ಟಿಗೆಯ ಖಾಲಿ ನಕಲೊಂದನ್ನು ಮೇಲೆ ಕೂರಿಸಿ ಅದರೊಳಗೆ ಬ್ಯಾಟರಿ ತುರುಕುತ್ತಾರೆ. ನೋಡಲು ಶೋಕಿ, ಇರುವುದು ಜಾಗದ ಬಡತನ.

ಇಕ್ಕಟ್ಟಿನಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿ ಇಡುವಾಗ ಎಚ್ಚರ ಬೇಕು. 7.4 ವೋಲ್ಟಿನ ಬ್ಯಾಟರಿಯಲ್ಲಿ ಎರಡು ಕೋಶಗಳಿರುತ್ತವೆ; ತುಂಬಿದಾಗ ಒಂದೊಂದೂ 4.2 ವೋಲ್ಟ್. ಮೂರು ವೋಲ್ಟಿಗಿಂತ ಕೆಳಗಿಳಿಸಿದರೆ ಕೋಶ ಹಾಳಾಗುತ್ತದೆ, ಚುಚ್ಚಿದರೆ ಅಥವಾ ಜಜ್ಜಿದರೆ ಬೆಂಕಿ ಹೊತ್ತುತ್ತದೆ. ಮುಚ್ಚಳ ಒತ್ತಿ ಹಾಕಬೇಕಾಗಿ ಬಂದರೆ ಆ ಬ್ಯಾಟರಿ ಆ ಗನ್ನಿಗಲ್ಲ. ಹಳೆಯ ಡೋನರ್‌ಗಳ ಕುದುರೆಯ ತಾಮ್ರದ ಸ್ಪರ್ಶಗಳು ಕಿಡಿಯಿಂದ ಕಪ್ಪಿಟ್ಟಿರುತ್ತವೆ. ಪ್ರಬಲ ಬ್ಯಾಟರಿ ಹಾಕುವುದಾದರೆ ಕರೆಂಟಿನ ಭಾರ ಹೊರಲು ಮಾಸ್‌ಫೆಟ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚನ್ನು ನಡುವೆ ಸೇರಿಸಬೇಕು, ಫ್ಯೂಸ್ ಬಿಡಬಾರದು.

ಜೋಡಣೆಯಲ್ಲಿ ತಾಳ್ಮೆ ಬೇಡುವುದು ಶಿಮ್ಮಿಂಗ್. ಬೇರೆ ಬೇರೆ ಮನೆಯ ಗೇರುಗಳು ಒಂದೇ ಪೆಟ್ಟಿಗೆಯಲ್ಲಿ ಸೇರಿದಾಗ ಅವುಗಳ ನಡುವೆ ‘ಪ್ಲೇ’ ಇರುತ್ತದೆ. ಕಾಗದದಷ್ಟು ತೆಳುವಾದ ವಾಷರ್‌ಗಳನ್ನು ಒಂದೊಂದಾಗಿ ಸೇರಿಸಿ, ಗೇರು ಅಲುಗಾಡಬಾರದು, ಬಿಗಿಯಾಗಿ ಉಜ್ಜಲೂ ಬಾರದು ಎಂಬ ಹದಕ್ಕೆ ತರಬೇಕು. ಆಮೇಲೆ ಹಿಡಿಯ ತಳದ ಸ್ಕ್ರೂ ತಿರುಗಿಸಿ ಮೋಟಾರಿನ ಎತ್ತರ ಹೊಂದಿಸುತ್ತಾರೆ. ಕೀಚಲು ಸದ್ದು ಹೋಗಿ ನಯವಾದ ಗುಂಯ್‌ಗುಡುವಿಕೆ ಬಂದರೆ ಹದ ಸಿಕ್ಕಿತು. ಗಾಳಿ ಸೋರುತ್ತದೆಯೇ ಎಂದು ನೋಡಲು ನಾಜಲ್ಲಿನ ಬಾಯಿಗೆ ಬೆರಳಿಟ್ಟು ಪಿಸ್ಟನ್ ಕೈಯಲ್ಲೇ ಒತ್ತಿದರೆ ಸಾಕು. ಒತ್ತಿದ ಪಿಸ್ಟನ್ ಅಲ್ಲೇ ತಡೆದು ನಿಲ್ಲಬೇಕು. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ, ಆದರೂ ಇದನ್ನು ಬಿಟ್ಟು ನೇರವಾಗಿ ಗಟ್ಟಿ ಸ್ಪ್ರಿಂಗ್ ಕೊಳ್ಳುವವರೇ ಹೆಚ್ಚು. ಸೋರುವ ಗನ್ನಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಮುರಿಯುವುದು ಗೇರಿನ ಹಲ್ಲು.

ಕಟ್ಟಿದ ಗನ್ ಹೇಗಿದೆ ಎಂದು ಕೊನೆಗೆ ಹೇಳುವುದು ಕ್ರೋನೊಗ್ರಾಫ್, ಅಂದರೆ ಗುಂಡಿನ ವೇಗ ಅಳೆಯುವ ಯಂತ್ರ. 0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸರಿಯಾಗಿ ಒಂದು ಜೂಲ್. ವೇಗ ನೋಡಿ ಸುಮ್ಮನಾಗುವಂತಿಲ್ಲ. ಗಾಳಿ ಹೆಚ್ಚಿರುವ ಗನ್ನಿಗೆ ಭಾರದ ಗುಂಡು ಹಾಕಿದರೆ ಅದು ನಿಧಾನವಾಗಿ ಸಾಗಿ ಆ ಹೆಚ್ಚುವರಿ ಗಾಳಿಯನ್ನೂ ಬಳಸಿಕೊಳ್ಳುತ್ತದೆ. 0.30 ಗ್ರಾಂ ಗುಂಡು 85 ಮೀಟರ್ ವೇಗದಲ್ಲಿ ಹೊರಟರೆ ವೇಗ ಕಡಿಮೆ ಕಂಡರೂ ಶಕ್ತಿ 1.08 ಜೂಲ್. ಆದ್ದರಿಂದ ಆಡುವ ತೂಕದ ಗುಂಡಿನಲ್ಲೇ ಅಳೆಯಬೇಕು.

ಮಿತಿ ದಾಟಿದರೆ ಏನು ಎಂದು ಜಪಾನ್ ಅನುಭವದಿಂದ ಕಲಿಯಿತು. ಶಕ್ತಿ ಏರಿಸಿದ ಏರ್‌ಸಾಫ್ಟ್ ಗನ್‌ಗಳಿಂದ ಓಡುವ ಕಾರುಗಳಿಗೆ ಹೊಡೆದ ಪ್ರಕರಣಗಳ ನಂತರ 2006ರಲ್ಲಿ ಅಲ್ಲಿನ ಕಾನೂನಿಗೆ ತಿದ್ದುಪಡಿ ಬಂತು. ಮಿತಿಯನ್ನು ಗುಂಡಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಕಟ್ಟಿದರು: ಚದರ ಸೆಂಟಿಮೀಟರಿಗೆ 3.5 ಜೂಲ್. 6 ಮಿಲಿಮೀಟರಿನ ಗುಂಡಿಗೆ ಅದು 0.98 ಜೂಲಿನ ಸುಮಾರಿಗೆ ಬರುತ್ತದೆ. ಬ್ರಿಟನ್ನಿನಲ್ಲಿ 2017ರ ಕಾಯ್ದೆಯ ಪ್ರಕಾರ ಸತತ ಹಾರಿಸುವ ಏರ್‌ಸಾಫ್ಟಿಗೆ 1.3 ಜೂಲ್, ಒಂದೊಂದೇ ಹಾರಿಸುವುದಕ್ಕೆ 2.5 ಜೂಲ್. ಅದನ್ನು ಮೀರಿದರೆ ಏರ್‌ಸಾಫ್ಟಿಗೆಂದು ಕೊಟ್ಟ ವಿನಾಯಿತಿ ಹೋಗುತ್ತದೆ.

ಬಿಡಿಭಾಗದಿಂದ ಕಟ್ಟುವವರನ್ನು ನೇರವಾಗಿ ತಾಗುವುದು ಬ್ರಿಟನ್ನಿನ ಇನ್ನೊಂದು ಕಾಯ್ದೆ. ನಿಜವೆನಿಸುವ ನಕಲು ಬಂದೂಕನ್ನು ಮಾರುವುದು, ಆಮದು ಮಾಡುವುದರ ಜೊತೆಗೆ ‘ತಯಾರಿಸುವುದು’ ಮತ್ತು ಸಾಮಾನ್ಯ ನಕಲನ್ನು ನಿಜದಂತೆ ‘ಮಾರ್ಪಡಿಸುವುದು’ ಕೂಡ 2006ರ ಹಿಂಸಾ ಅಪರಾಧ ತಡೆ ಕಾಯ್ದೆಯಡಿ ಅಪರಾಧ. ವಿಮೆ ಇರುವ ಆಟದ ಕೂಟಗಳಿಗಾಗಿ, ಸಿನಿಮಾ, ವಸ್ತುಸಂಗ್ರಹಾಲಯದಂಥ ಕೆಲಸಗಳಿಗಾಗಿ ರಿಯಾಯಿತಿ ಇದೆ. ಅಂದರೆ ಅಡುಗೆಮನೆಯ ಮೇಜಿನ ಮೇಲೆ ನೀಲಿ ಬಣ್ಣದ ಡೋನರ್‌ಗೆ ಕಪ್ಪು ಬಳಿದು ನಿಜದಂತೆ ಮಾಡುವವನೂ ಈ ಕಾಯ್ದೆಯ ಕೈಗೆ ಸಿಗುತ್ತಾನೆ.

ಕಾನೂನು ಬಣ್ಣದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. 2014ರ ನವೆಂಬರ್ 22ರಂದು ಅಮೆರಿಕದ ಕ್ಲೀವ್‌ಲೆಂಡಿನ ಉದ್ಯಾನದಲ್ಲಿ ಹನ್ನೆರಡು ವರ್ಷದ ಟಮೀರ್ ರೈಸ್ ಏರ್‌ಸಾಫ್ಟ್ ಪಿಸ್ತೂಲ್ ಹಿಡಿದಿದ್ದ. ಆಟಿಕೆ ಎಂದು ತೋರಿಸುವ ಕಿತ್ತಳೆ ತುದಿ ಅದರಲ್ಲಿರಲಿಲ್ಲ. ಬಂದಿಳಿದ ಕೆಲವೇ ಕ್ಷಣಗಳಲ್ಲಿ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದ. ಹುಡುಗ ಮರುದಿನ ತೀರಿಕೊಂಡ. ಪೊಲೀಸರ ನಡತೆಯ ಮೇಲೆ ಆ ದೇಶ ಇಂದಿಗೂ ವಾದಿಸುತ್ತಿದೆ, ವಾದಿಸಬೇಕಾದದ್ದೇ. ಆದರೆ ಗನ್ ಕಟ್ಟುವವರಿಗೆ ಅದರಲ್ಲಿ ಬೇರೆ ಪಾಠವಿದೆ. ನಕಲು ಎಷ್ಟು ಚೆನ್ನಾಗಿದೆಯೋ ಬೀದಿಯಲ್ಲಿ ಅದು ಅಷ್ಟು ಅಪಾಯ. ಗಿಡ್ಡದಾದರೆ ಇನ್ನೂ ಹೆಚ್ಚು. ಜಾಕೆಟ್ಟಿನೊಳಗೆ, ಸಣ್ಣ ಚೀಲದಲ್ಲಿ ಅಡಗುವಂಥದ್ದನ್ನು ಕಂಡವರು ಒಳ್ಳೆಯದನ್ನು ಎಣಿಸುವುದಿಲ್ಲ.

ನಮ್ಮಲ್ಲಿ ಇದನ್ನು ಓದಿ ಯಾರಾದರೂ ಹೊರದೇಶದಿಂದ ಗೇರ್‌ಬಾಕ್ಸ್ ತರಿಸಲು ಹೊರಟರೆ ಮೊದಲು 2016ರ ಆಯುಧ ನಿಯಮಗಳನ್ನು ಓದಬೇಕು. ಪರವಾನಗಿ ಬೇಡದ ಏರ್‌ಗನ್ನಿಗೆ ಅದರಲ್ಲಿ ಎರಡು ಮಿತಿಗಳಿವೆ: ಶಕ್ತಿ 20 ಜೂಲ್, ನಳಿಕೆಯ ವ್ಯಾಸ 4.5 ಮಿಲಿಮೀಟರ್. ಒಂದು ಜೂಲಿನ ಏರ್‌ಸಾಫ್ಟ್ ಮೊದಲನೆಯದರಲ್ಲಿ ಸುಲಭವಾಗಿ ಪಾಸಾಗುತ್ತದೆ; ಆದರೆ ಅದರ ನಳಿಕೆ ಆರು ಮಿಲಿಮೀಟರಿನದ್ದು. ಬಂದೂಕಿನ ನಕಲುಗಳ ಪ್ರಸ್ತಾಪವೂ ಆ ನಿಯಮಗಳಲ್ಲಿದೆ. ‘ಆಟಿಕೆ ತಾನೇ’ ಎಂದು ತಾನೇ ತೀರ್ಪು ಕೊಟ್ಟುಕೊಳ್ಳುವ ಬದಲು ಪೊಲೀಸ್ ಇಲಾಖೆಯ ಪರವಾನಗಿ ವಿಭಾಗದಲ್ಲಿ ಲಿಖಿತವಾಗಿ ಕೇಳುವುದು ಕ್ಷೇಮ. ಈ ಆಟಕ್ಕೆ ಕಾನೂನು ಜಾಗ ಕೊಟ್ಟ ದೇಶಗಳಲ್ಲಿರುವ ಕನ್ನಡಿಗರು ಅಲ್ಲಿನ ಮೈದಾನದ ನಿಯಮ ಕೇಳಿಕೊಂಡು, ಗುಂಡು ತಡೆಯುವ ದರ್ಜೆಯ ಕನ್ನಡಕ ತೊಟ್ಟು ಆಡಬಹುದು. ಮಾಮೂಲಿ ಕನ್ನಡಕ ಸಾಲದು. ಒಂದು ಜೂಲ್ ಚರ್ಮಕ್ಕೆ ಚುರುಕು ಮುಟ್ಟಿಸುತ್ತದೆ, ಕಣ್ಣನ್ನು ಕಳೆಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಒಳ್ಳೆಯ ಗಿಡ್ಡ ಗನ್ ಯಾವುದು ಎಂಬುದಕ್ಕೆ ನನ್ನ ಉತ್ತರ ಹೀಗಿದೆ. ಹೆಚ್ಚು ಹೊಡೆಯುವುದಲ್ಲ, ಹತ್ತು ಸಲ ಹೊಡೆದರೆ ಹತ್ತು ಸಲವೂ ಒಂದೇ ವೇಗ ತೋರಿಸುವುದು. ಅದಕ್ಕೆ ಬೇಕಾದದ್ದು ದುಬಾರಿ ಸ್ಪ್ರಿಂಗಲ್ಲ. ಸೋರದ ಗಾಳಿ, ನಳಿಕೆಗೆ ತಕ್ಕ ಸಿಲಿಂಡರ್, ಹದವಾದ ಶಿಮ್. ಗನ್ ಕಟ್ಟುವ ಆಸೆಯಿದ್ದವರು ಮೊದಲು ಒಂದು ಕ್ಯಾಲಿಪರ್ ಕೊಳ್ಳಿ, ಆಮೇಲೆ ತಾವಿರುವ ಊರಿನ ಕಾನೂನು ಓದಿ, ಡೋನರ್ ಹುಡುಕುವುದು ಮೂರನೆಯ ಕೆಲಸ.